ಭಾನುವಾರದ ಹುಳಗಳು

ಬ್ರೊಕೋಲಿಯ ಮಾತು ಮೊದಲು ಬಂದದ್ದು ಮಗಳ ಬಾಯಿಂದಲೇ.

ಹದಿನೈದು ದಿನಕ್ಕೊಂದು ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಗಳು ಅಮ್ಮನ ಮನೆಯಲ್ಲಿರಬಹುದು ಎಂದು ಕೋರ್ಟು ಹೇಳಿತ್ತು. ಉಳಿದ ದಿನವೆಲ್ಲ ಅಪ್ಪನ ಮನೆ. ಅಲ್ಲಿ ಅಪ್ಪ, ಅಪ್ಪನ ಎರಡನೆಯ ಹೆಂಡತಿ. ಅಂಥದೊಂದು ಭಾನುವಾರ ಊಟಕ್ಕೆ ಕೂತಾಗ, ಹನ್ನೊಂದು ವರ್ಷದ ಹುಡುಗಿ ತಟ್ಟೆಯಲ್ಲಿದ್ದ ಬೀನ್ಸನ್ನು ಒಂದೊಂದಾಗಿ ಅಂಚಿಗೆ ತಳ್ಳುತ್ತ, "ಚಿಕ್ಕಮ್ಮ ಬ್ರೊಕೋಲಿ ಮಾಡ್ತಾರೆ. ಅದಾದ್ರೆ ನಾನು ಎರಡು ಸಲ ಹಾಕಿಸ್ಕೊತೀನಿ," ಅಂದಳು.

"ಹಸಿರು ಕಂಡ್ರೆ ಮಾರುದ್ದ ಹಾರ್ತಿದ್ದೆಯಲ್ಲೇ ನೀನು."

"ಅದು ಆಗ."

ಹೀಗೆ ಹಾರುತ್ತಿದ್ದುದಕ್ಕೇ ಅವಳಿಗೆ ಮಿಡತೆ ಎಂಬ ಹೆಸರು ಬಿದ್ದಿತ್ತು. ಆ ಹೆಸರಿಟ್ಟವಳು ಅಮ್ಮ. ಈಗ ಹಾಗೆ ಕರೆಯುವವಳೂ ಅಮ್ಮ ಒಬ್ಬಳೇ.

'ಆಗ' ಎಂಬ ಪದ ಅಮ್ಮನಿಗೆ ಮೀನಿನ ಮುಳ್ಳಿನ ಹಾಗೆ ಚುಚ್ಚಿತು. ಎರಡು ವರ್ಷದ ಹಿಂದೆ ಎರಡು ಚೀಲ ಹಿಡಿದು ಆ ಮನೆಯಿಂದ ಹೊರಬಿದ್ದಾಗ ಅವಳಿಗೆ ಮಲಗಲು ಗೆಳತಿಯ ಮನೆಯ ಹಜಾರದ ಮೂಲೆ ಬಿಟ್ಟರೆ ಬೇರೆ ಜಾಗ ಇರಲಿಲ್ಲ. "ನನಗೊಂದು ಮನೆ ಸಿಗೋವರೆಗೆ ಅವಳು ಇಲ್ಲೇ ಇರಲಿ," ಎಂದು ಅವಳೇ ಹೇಳಿದ್ದಳು. ಮನೆ ಸಿಗಲು ಎಂಟು ತಿಂಗಳಾಯಿತು. ಅಷ್ಟರಲ್ಲಿ ಆ ಮಾತು ಕಾಗದಕ್ಕೆ ಹತ್ತಿ, ಅವಳ ವಿರುದ್ಧವೇ ಸಾಕ್ಷಿಯಾಗಿ ಕೂತಿತ್ತು. ಈಗ ಮತ್ತೆ ಅರ್ಜಿ ಹಾಕಿದ್ದಳು. ಮೂರು ತಿಂಗಳಾದ ಮೇಲೆ ಕೋರ್ಟಿನ ಕೌನ್ಸೆಲರ್ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳುತ್ತಾರೆ, ಅವಳಿಗೆ ಯಾರ ಮನೆ ಬೇಕೋ ಅವಳೇ ಹೇಳಲಿ ಎಂದು ನ್ಯಾಯಾಧೀಶರು ಹೇಳಿದ್ದರು. ಮೂರು ತಿಂಗಳೆಂದರೆ ಆರು ಭಾನುವಾರ. ಅವಳ ಬದುಕೆಲ್ಲ ಆ ಆರು ಭಾನುವಾರಗಳ ಮೇಲೆ ನಿಂತಿತ್ತು.

ಮಾರನೆಯ ದಿನವೇ ಅವಳು ಸಸಿ ಮಾರುವವನ ಮುಂದೆ ನಿಂತಳು.

"ಬ್ರೊಕೋಲಿ ಸಸಿ ಎಷ್ಟು ದಿನಕ್ಕೆ ಬರುತ್ತೆ?"

"ನೆಟ್ಟ ಮೇಲೆ ಎಪ್ಪತ್ತೈದು, ಎಂಬತ್ತು ದಿನ. ಚಳಿ ಇರಬೇಕು, ಹುಳ ಇರಬಾರದು. ಅಷ್ಟೇ ಅದರ ಜಾತಕ."

ಎಂಬತ್ತು ದಿನ. ಲೆಕ್ಕ ಹಾಕಿದಂತೆ ಸರಿಯಾಗಿ ಕೂತಿತು. ಆ ಇನ್ನೊಬ್ಬಳು ಅಂಗಡಿಯಿಂದ ತಂದು ಬೇಯಿಸಿ ಹಾಕುತ್ತಾಳೆ, ನಾನು ಬೆಳೆದು ಹಾಕುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಹೊಟ್ಟೆಕಿಚ್ಚು ಅನ್ನುವುದಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ. ನಾಚಿಕೆಪಡುವಷ್ಟು ಸವಲತ್ತು ಅವಳಿಗೆಲ್ಲಿತ್ತು?

ಅಡುಗೆಮನೆಯ ಹಿಂಬಾಗಿಲು ತೆರೆದರೆ ನಾಲ್ಕು ಹೆಜ್ಜೆ ಅಗಲದ ಮಣ್ಣು, ಒಂದು ನಲ್ಲಿ, ಬಟ್ಟೆ ಹರವುವ ತಂತಿ. ಎಡಕ್ಕೆ ಮೋಟು ಗೋಡೆ. ಗೋಡೆಯಾಚೆ ನಿವೃತ್ತ ನರ್ಸ್ ಒಬ್ಬರ ಮನೆ. ಬೀದಿಗೆಲ್ಲ ಅವರು ನರ್ಸಮ್ಮ. ಮೊದಲ ಭಾನುವಾರ ತಾಯಿ ಮಗಳು ಏಳು ಸಸಿ ನೆಟ್ಟರು. ಹಳೇ ಟವೆಲ್ ಹಾಸಿ ಅದರ ಮೇಲೆ ಮಂಡಿಯೂರಿ, ಮಿಡತೆ ಪ್ರತಿ ಗುಳಿಯ ಆಳವನ್ನೂ ಸ್ಕೇಲಿನಿಂದ ಅಳೆದಳು.

"ಏನ್ರೀ, ತಾಯಿ ಮಗಳು ಸೇರಿ ಹೆಣ ಹೂಳ್ತಿದ್ದೀರಾ?" ನರ್ಸಮ್ಮ ಗೋಡೆಯ ಮೇಲಿಂದ ಕೇಳಿದರು.

"ಬ್ರೊಕೋಲಿ ನೆಡ್ತಿದ್ದೀವಿ ಅಜ್ಜಿ."

"ಅದ್ಯಾಕೆ ಬೇಕು? ನಾನು ನಲವತ್ತು ವರ್ಷ ಆಸ್ಪತ್ರೇಲಿ ಎಲ್ಲರಿಗೂ ಅದನ್ನ ತಿನ್ನಿ ಅಂತ ಹೇಳಿದೀನಿ. ನಾನೊಂದು ದಿನ ತಿಂದಿಲ್ಲ."

ಮಿಡತೆ ನಕ್ಕಳು. ಹಲ್ಲು ಕಾಣುವ ಹಾಗೆ, ಕಣ್ಣು ಮುಚ್ಚಿಕೊಂಡು. ಆ ನಗುವನ್ನು ಅಮ್ಮ ಸೋಮವಾರದಿಂದ ಮುಂದಿನ ಶನಿವಾರದವರೆಗೂ, ಅದರ ಮುಂದಿನ ಶನಿವಾರದವರೆಗೂ ಕೆಲಸಕ್ಕೆ ಹೊತ್ತುಕೊಂಡು ಹೋದಳು.

ಅವಳ ಕೆಲಸ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜಿನ ಅಂಚನ್ನು ಉಜ್ಜಿ ಫ್ರೇಮಿಗೆ ಕೂರಿಸಬೇಕು. ಕೂದಲೆಳೆಯಷ್ಟು ಹೆಚ್ಚಾದರೆ ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆಯಾದರೆ ಯಾರೋ ಬಗ್ಗಿದಾಗ ಉದುರುತ್ತದೆ. ಹದಿಮೂರು ವರ್ಷದಲ್ಲಿ ಅವಳ ಕೈಯಲ್ಲಿ ಹಾಳಾದ ಗಾಜು ಬೆರಳೆಣಿಕೆಯಷ್ಟು. ಕಣ್ಣಿನ ವಿಷಯದಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಾಗಿ ಮೂರನೆಯ ಭಾನುವಾರ ಹುಳಗಳು ಕಂಡಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. ಬಿಳಿ ಚಿಟ್ಟೆಗಳು ಗಿಡದ ಸುತ್ತ ಹಾರಾಡುವುದನ್ನೂ, ಎಲೆಯ ಅಡಿಯಲ್ಲಿ ಹಳದಿ ಚುಕ್ಕೆಯಂಥ ಮೊಟ್ಟೆಗಳನ್ನೂ ಅವಳು ಮೊದಲೇ ಗಮನಿಸಿದ್ದಳು. ಮರಿಹುಳಗಳು ಎಲೆಯ ನಡುನರದ ಬಣ್ಣದವೇ. ನರದ ಮೇಲೆಯೇ ಉದ್ದಕ್ಕೆ ಮಲಗಿ ನರವೇ ಆಗಿಬಿಡುತ್ತಿದ್ದವು. ಮಗಳಿಗೆ ಆಶ್ಚರ್ಯವೋ ಆಶ್ಚರ್ಯ. ಗಾಜಿನ ಬಾಟಲಿ ತಂದು, ಎರಡು ಬೆರಳಲ್ಲಿ ಮೆತ್ತಗೆ ಎತ್ತಿ, ಒಂದೊಂದಕ್ಕೂ ಹೆಸರಿಡುತ್ತ ಹೋದಳು.

"ಇದು ಗಣಿತದ ಮಿಸ್. ನೋಡಮ್ಮ, ತಿನ್ನೋಕೆ ಶುರು ಮಾಡಿದ್ರೆ ತಲೆ ಎತ್ತಲ್ಲ. ಇದು ಪಿ.ಟಿ. ಸರ್, ಎಲ್ಲರಿಗೂ ಓಡು ಅಂತಾರೆ, ತಾವು ಮಾತ್ರ ಅಲ್ಲಾಡಲ್ಲ. ಇದು ಹೆಡ್ ಮೇಡಂ."

"ಹೆಡ್ ಮೇಡಂ ಇಷ್ಟು ಸಣ್ಣಗಿದ್ದಾರಾ?"

"ಹಿಂದಿಂದ ನೋಡು, ಗೊತ್ತಾಗುತ್ತೆ."

ಬಾಟಲಿ ತುಂಬಿದ ಮೇಲೆ ಇಡೀ ಶಾಲೆಗೆ ವರ್ಗಾವಣೆ ಆದೇಶ ಹೊರಬಿತ್ತು. ಇಬ್ಬರೂ ಬೀದಿಯ ತುದಿಯ ಖಾಲಿ ಜಾಗಕ್ಕೆ ಹೋಗಿ, ಅಲ್ಲಿನ ಕಳೆಗಿಡಗಳ ಮೇಲೆ ಅವನ್ನು ಸುರಿದು ಬಂದರು. ಮರಳಿ ಬರುವಾಗ ಮಗಳು ಅಮ್ಮನ ಕೈ ಹಿಡಿದುಕೊಂಡಿದ್ದಳು. ತಾನಾಗಿ ಹಿಡಿದದ್ದು. ಎರಡು ವರ್ಷದಲ್ಲಿ ಅದೇ ಮೊದಲು.

ಅಲ್ಲಿಂದ ಅಮ್ಮನ ತಪ್ಪು ಶುರುವಾಯಿತು.

ಮಂಗಳವಾರ ಸಂಜೆ ಕೆಲಸದಿಂದ ಬಂದು ಹಿಂಬಾಗಿಲು ತೆರೆದಾಗ ಎಲೆಗಳ ಮೇಲೆ ಮತ್ತೆ ಎಳೆ ಹುಳಗಳಿದ್ದವು. ಅವಳು ಕುಕ್ಕುರುಗಾಲಲ್ಲಿ ಕೂತು ಕೈ ಮುಂದೆ ಮಾಡಿದಳು. ಆಮೇಲೆ ಹಿಂದಕ್ಕೆಳೆದುಕೊಂಡಳು. ಈಗಲೇ ತೆಗೆದುಬಿಟ್ಟರೆ ಭಾನುವಾರ ಏನಿರುತ್ತದೆ? ಬರೀ ನೀರು ಹಾಕುವುದು. ನೀರು ಹಾಕಲು ಹತ್ತು ನಿಮಿಷ ಸಾಕು. ಅವಳಿಗೆ ತುಂಬಿಸಬೇಕಾದದ್ದು ಏಳು ಗಂಟೆ.

ಹುಳ ಒಂದೇ ಅಲ್ಲ. ಆ ಮನೆಯಲ್ಲಿ ಎಲ್ಲವೂ ಹಾಗೆಯೇ ಇತ್ತು. ಬಚ್ಚಲುಮನೆಯ ಬಲ್ಬು ಹೋಗಿ ತಿಂಗಳಾಗಿತ್ತು. ಸ್ಟೂಲು ಹತ್ತಿ ಬಲ್ಬು ತಿರುಗಿಸುವುದೆಂದರೆ ಮಿಡತೆಗೆ ಖುಷಿ, ಕೆಳಗೆ ನಿಂತು ಅವಳ ಕಾಲು ಹಿಡಿದುಕೊಳ್ಳುವುದೆಂದರೆ ಅಮ್ಮನಿಗೆ ಖುಷಿ. ಅದಕ್ಕೇ ಅವಳು ಮೊಬೈಲಿನ ಬೆಳಕಲ್ಲಿ ಸ್ನಾನ ಮಾಡುತ್ತಿದ್ದಳು. ಹೂವಿನ ಹಾಸಿಗೆಬಟ್ಟೆ ಪ್ಯಾಕೆಟ್ಟಿನಲ್ಲೇ ಇತ್ತು, ಇಬ್ಬರೂ ಸೇರಿ ಹಾಸಲಿ ಎಂದು. ಐನೂರು ತುಂಡು ಜೋಡಿಸುವ ಚಿತ್ರದ ಡಬ್ಬಿ, ಕ್ರೀಮ್ ಬಿಸ್ಕತ್ತಿನ ಪೊಟ್ಟಣ, ಗೆಳತಿ ನೋಡಲೇಬೇಕು ಎಂದು ಬೆನ್ನು ಬಿದ್ದಿದ್ದ ಸಿನಿಮಾ, ಎಲ್ಲವೂ ಭಾನುವಾರಕ್ಕೆ. ಉಳಿದ ದಿನಗಳಲ್ಲಿ ಆ ಮನೆ ಅಂಗಡಿಯ ಶೋಕೇಸಿನ ಹಾಗೆ ಯಾರೂ ಮುಟ್ಟದೆ ನಿಂತಿರುತ್ತಿತ್ತು, ಒಳಗೆ ಅವಳೊಬ್ಬಳು ಕಾವಲುಗಾರ್ತಿ.

ನಾಲ್ಕನೆಯ ಭಾನುವಾರ ನಲವತ್ತಮೂರು ಹುಳ ಸಿಕ್ಕವು. ಮಿಡತೆ ಸಂಭ್ರಮದಿಂದಲೇ ಎಣಿಸಿದಳು. ಎಲೆಗಳಲ್ಲಿ ಬೆರಳು ತೂರುವಷ್ಟು ತೂತುಗಳಿದ್ದವು. ಅವಳು ಒಂದು ಎಲೆಯನ್ನು ಮುಖಕ್ಕೆ ಹಿಡಿದು ತೂತಿನಿಂದ ಅಮ್ಮನನ್ನು ನೋಡಿ, "ಕಂಡೆ," ಅಂದಳು. ಬಲ್ಬೂ ಹಾಕಿದರು. ಅಂಥ ದಿನ ಮುಗಿದದ್ದು ಹೇಗೆಂದೇ ಅಮ್ಮನಿಗೆ ತಿಳಿಯಲಿಲ್ಲ. ನಾಲ್ಕು ಗಂಟೆಗೆ ಕಾರು ಬಂದು ನಿಂತಾಗ ಹುಡುಗಿ ಉಗುರಿನ ಸಂದಿಯ ಹಸಿರನ್ನು ಇನ್ನೂ ತೊಳೆಯುತ್ತಿದ್ದಳು.

"ಹುಳ ಸಾಕ್ತಿದ್ದೀಯೋ, ಗಿಡ ಸಾಕ್ತಿದ್ದೀಯೋ?" ಆ ವಾರ ನರ್ಸಮ್ಮ ಬಟ್ಟೆ ಹರವುತ್ತ ಕೇಳಿದರು. "ದಿನಾ ಸಂಜೆ ಬಂದು ಕೂತು ನೋಡ್ತೀಯ, ಒಂದನ್ನೂ ತೆಗೆಯಲ್ಲ. ನನಗೆ ವಾರ್ಡಿನ ನೆನಪಾಗುತ್ತೆ. ಅಲ್ಲೂ ಹೀಗೆ, ಬರೀ ನೋಡ್ಕೊಂಡು ಕೂರೋ ನೆಂಟರಿರ್ತಿದ್ರು."

"ಮಗಳು ಬಂದು ತೆಗೀತಾಳೆ ನರ್ಸಮ್ಮ. ಅವಳಿಗಿಷ್ಟ."

ನರ್ಸಮ್ಮ ಒದ್ದೆ ಸೀರೆ ಕೊಡವಿದರು. ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು ಸೀರೆಯನ್ನು ತಂತಿಗೆ ಹಾಕಿದರು.

ಐದನೆಯ ಭಾನುವಾರದ ಹಿಂದಿನ ದಿನ ಮಗಳ ಅಪ್ಪನ ಮೆಸೇಜು ಬಂತು. *ನಾಳೆ ಅವಳಿಗೆ ಈಜಿನ ಸ್ಪರ್ಧೆ. ಮುಂದಿನ ಭಾನುವಾರ ಕಳಿಸ್ತೀನಿ.* ಅವಳು 'ಆಯ್ತು' ಎಂದು ಉತ್ತರಿಸಿ ಹಿಂಬಾಗಿಲು ತೆರೆದಳು. ಹುಳಗಳು ಕಿರುಬೆರಳಿನ ದಪ್ಪವಾಗಿದ್ದವು. ಇನ್ನೊಂದು ವಾರ ತಾನೇ ಎಂದುಕೊಂಡಳು. ಮುಂದಿನ ಶನಿವಾರ ಇನ್ನೊಂದು ಮೆಸೇಜು: ಚಿಕ್ಕಮ್ಮನ ತವರಿಗೆ ಎಲ್ಲರೂ ಹೊರಟಿದ್ದಾರೆ, ಹೋಗಬೇಕೆಂದು ಮಗಳೂ ಹಟ ಮಾಡುತ್ತಿದ್ದಾಳೆ. 'ಮಗಳೂ ಹಟ ಮಾಡುತ್ತಿದ್ದಾಳೆ' ಎಂಬುದನ್ನು ಅವಳು ನಾಲ್ಕು ಸಲ ಓದಿದಳು. ಆ ದಿನ ಅವಳು ಹಿಂಬಾಗಿಲನ್ನೇ ತೆರೆಯಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ನರ್ಸಮ್ಮ ಗೋಡೆ ತಟ್ಟಿ ಕರೆದಾಗ ಹೊರಗೆ ಬಂದಳು.

ಏಳು ಗಿಡಗಳಲ್ಲಿ ಆರು, ಗಾಳಿಗೆ ಬಟ್ಟೆ ಹಾರಿಹೋದ ಕೊಡೆಗಳ ಹಾಗೆ ಬರೀ ಕಡ್ಡಿಯಾಗಿ ನಿಂತಿದ್ದವು. ಮೂಲೆಯಲ್ಲಿ, ನಲ್ಲಿಯ ಪಕ್ಕ ಇದ್ದ ಏಳನೆಯದರಲ್ಲಿ ಮಾತ್ರ ನಾಲ್ಕೈದು ಎಲೆ ಉಳಿದಿದ್ದವು. ಅವುಗಳ ನಡುವೆ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಹಸಿರು ಗಂಟು.

ಅವಳು ಆಗಲೂ ಕೈ ಚಾಚಿದಳು, ಆಗಲೂ ನಿಂತಳು. ಇನ್ನು ಆರೇ ದಿನ. ಮಗಳು ಬಂದು ನೋಡಲಿ, ಇಬ್ಬರೂ ಸೇರಿ ಉಳಿದದ್ದನ್ನು ಉಳಿಸೋಣ. ಕೂದಲೆಳೆಯನ್ನು ಗುರುತಿಸುವ ಕಣ್ಣು ಇಷ್ಟು ದೊಡ್ಡದನ್ನು ಕಾಣದೆ ಹೋಯಿತು.

ಮಿಡತೆ ಬಂದಳು. ಕೂದಲು ಕತ್ತರಿಸಿದ್ದರು, ಕುತ್ತಿಗೆ ಉದ್ದ ಕಾಣುತ್ತಿತ್ತು. ಹಿಂಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದಳು.

"ನೀನ್ಯಾಕೆ ತೆಗೀಲಿಲ್ಲ ಅಮ್ಮ?"

"ನಿನಗೋಸ್ಕರ ಇಟ್ಟಿದ್ದೆ ಕಣೇ. ನಿನಗೆ ಇಷ್ಟ ಅಂತ."

"ಎಲ್ಲಾನೂ?"

"ಹ್ಞೂಂ."

ಹುಡುಗಿ ಕೆಳತುಟಿ ಕಚ್ಚಿಕೊಂಡಳು. ಅದು ಅವಳು ಪರೀಕ್ಷೆಯಲ್ಲಿ ಉತ್ತರ ಬಾರದಾಗ ಮಾಡುವ ಮುಖ. "ಗಿಡಕ್ಕೆ ಗೊತ್ತಾಗಲ್ವಲ್ಲ ಅಮ್ಮ, ಭಾನುವಾರ ಯಾವುದು ಅಂತ," ಅಂದಳು. ಬೈಯುವ ದನಿಯಲ್ಲಲ್ಲ. ದೊಡ್ಡವರು ಚಿಕ್ಕವರಿಗೆ ತಿಳಿಹೇಳುವ ಹಾಗೆ, ಮೆತ್ತಗೆ.

ಆಮೇಲೆ ಮಗಳು ಬಾಟಲಿ ತಂದು ಕೂತಳು. ಒಂದು ಹುಳಕ್ಕೂ ಹೆಸರಿಡಲಿಲ್ಲ. ಹೋಮ್‌ವರ್ಕ್ ಮುಗಿಸುವವಳ ಹಾಗೆ ಒಂದು ಕಡೆಯಿಂದ ತೆಗೆಯುತ್ತ ಬಂದಳು, ಮಧ್ಯೆ ಮಧ್ಯೆ ಅಮ್ಮನ ಮುಖ ನೋಡಿ ಸ್ವಲ್ಪ ನಕ್ಕಳು. ಆ ನಗು ಯಾಕೆಂದು ತಾಯಿಗೆ ತಿಳಿಯಿತು. ತನಗೆ ಬೇಜಾರಾಗಬಾರದೆಂದು ಮಗಳು ನಗುತ್ತಿದ್ದಳು.

ಒಳಗೆ ಬಂದು ಅಮ್ಮ ಬಿಸ್ಕತ್ತಿನ ಪೊಟ್ಟಣ ತೆಗೆದಿಟ್ಟಳು. ಮಿಡತೆ ಅದನ್ನು ತಿರುಗಿಸಿ ಹಿಂದೆ ಓದಿದಳು.

"ಇದರ ಡೇಟ್ ಮುಗಿದಿದೆ."

"ಅಯ್ಯೋ, ನಾನು ನೋಡಲೇ ಇಲ್ಲ. ಬಿಡು, ಬಿಸಾಡೋಣ."

"ಒಂದು ವಾರ ಆಗಿದೆ ಅಷ್ಟೇ. ಏನಾಗಲ್ಲ." ಹುಡುಗಿ ಪೊಟ್ಟಣ ಹರಿದು, ಎರಡು ಬಿಸ್ಕತ್ತನ್ನು ಒಂದಾದ ಮೇಲೊಂದು, ಔಷಧಿ ನುಂಗುವ ಹಾಗೆ ತಿಂದಳು. ಹೂವಿನ ಹಾಸಿಗೆಬಟ್ಟೆಯನ್ನು ತಾನೇ ಕೇಳಿ ತೆಗೆಸಿ ಹಾಸಿದಳು. ಐನೂರು ತುಂಡಿನ ಚಿತ್ರದ ಡಬ್ಬಿಯನ್ನು ನೆಲದ ಮೇಲೆ ಸುರಿದು ಅಂಚುಗಳನ್ನು ಜೋಡಿಸಿದಳು. ಒಂದು ದಿನದಲ್ಲಿ ಮನೆಯ ಬಾಕಿಯೆಲ್ಲ ತೀರಿಸಿಬಿಡುವ ಅವಸರ ಅವಳಿಗೆ. ನಾಲ್ಕು ಗಂಟೆಗೆ ಕಾರು ಬಂದಾಗ ಗಡಿಯಾರ ನೋಡಿದವಳು ಈ ಸಲ ಅಮ್ಮನಲ್ಲ.

"ನಾಳೆ ನೀರು ಹಾಕ್ತೀಯ ತಾನೆ?" ಎಂದು ಬಾಗಿಲಲ್ಲಿ ಕೇಳಿದಳು. "ನಾಳೆ, ಅಮ್ಮ. ಸೋಮವಾರ."

"ಹಾಕ್ತೀನಿ ಕಣೇ."

ಅದಾಗಿ ಹತ್ತು ದಿನಕ್ಕೆ ಕೌನ್ಸೆಲರ್ ಅಮ್ಮನನ್ನು ಕರೆಸಿದರು. ಹುಡುಗಿಯ ಜೊತೆ ಹಿಂದಿನ ದಿನವೇ ಮಾತಾಡಿ ಆಗಿತ್ತು. ಸಣ್ಣ ಕೋಣೆ, ಆಚೆ ಕಾಣದಂಥ ಗಾಜಿನ ಕಿಟಕಿ, ಮೇಜಿನ ಮೇಲೆ ಮೊನೆ ಮುರಿದ ಬಣ್ಣದ ಪೆನ್ಸಿಲ್ಲುಗಳ ಡಬ್ಬಿ. ಅದರಲ್ಲಿ ಹಸಿರು ಪೆನ್ಸಿಲ್ ಇರಲಿಲ್ಲ ಎಂಬುದನ್ನು ಅವಳು ಯಾಕೋ ಗಮನಿಸಿದಳು. ಕೌನ್ಸೆಲರ್ ಅವಳಿಗಿಂತ ಚಿಕ್ಕ ವಯಸ್ಸಿನವರು. ಅವರ ಕನ್ನಡಕದ ಎಡಗಾಜು ಫ್ರೇಮಿನಲ್ಲಿ ಕೂದಲೆಳೆಯಷ್ಟು ಸಡಿಲವಿತ್ತು. ಅವರು ಬಗ್ಗಿ ಕಾಗದ ತೆಗೆಯುವಾಗ ಅದು ಉದುರೀತೆಂದು ಅವಳ ಕೈ ತಾನಾಗಿ ಮೇಲೆದ್ದಿತು.

"ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ," ಕೌನ್ಸೆಲರ್ ಹೇಳಿದರು.

ಮಾತು ಹೀಗೆ ಶುರುವಾದರೆ ಎಲ್ಲಿಗೆ ಮುಟ್ಟುತ್ತದೆಂದು ಅವಳಿಗೆ ಗೊತ್ತಾಯಿತು. "ಹೇಳಿ ಮೇಡಂ."

"ಅಪ್ಪನ ಮನೇಲೇ ಇರ್ತೀನಿ ಅಂದಿದ್ದಾಳೆ. ಇನ್ನೊಂದು ವಿಷಯ. ಭಾನುವಾರ ಬರೋದು ತಿಂಗಳಿಗೆ ಒಂದು ಸಲ ಇರಲಿ ಅಂದಳು."

"ಅಲ್ಲಿ ಯಾರಾದರೂ ಹೇಳಿಕೊಟ್ಟಿದ್ದಾರಾ?"

"ನಾನೂ ಹಾಗೇ ಅಂದ್ಕೊಂಡೆ. ಸುತ್ತಿ ಬಳಸಿ ಕೇಳಿದೆ. ಇಲ್ಲ."

"ಏನಂದಳು? ಅವಳು ಅಂದ ಹಾಗೇ ಹೇಳಿ."

ಕೌನ್ಸೆಲರ್ ಕಾಗದ ತಿರುವಿ, ದನಿ ಏರಿಳಿಸದೆ ಓದಿದರು. "'ಅಮ್ಮನ ಮನೇಲಿ ನಾನು ಬರೋ ತನಕ ಏನೂ ನಡೆಯಲ್ಲ. ಬಲ್ಬ್ ಕೂಡ ನನಗೆ ಕಾಯ್ತಿರುತ್ತೆ. ನಾನು ಹೋಗದಿದ್ರೆ ಗಿಡ ಸಾಯುತ್ತೆ. ಈಜೋಕೆ ಹೋಗಿದ್ದಕ್ಕೆ ಆರು ಗಿಡ ಸತ್ತವು. ಅಲ್ಲೇ ಇದ್ದುಬಿಟ್ರೆ ನಾನು ಸ್ಕೂಲಿಗೆ ಹೋದಾಗ ಅಮ್ಮ ಏನು ಮಾಡ್ತಾಳೆ ಅಂತ ಭಯ ಆಗುತ್ತೆ.'"

ಅವಳು ತಲೆಯಾಡಿಸಿದಳು. ಸುಳ್ಳಿದ್ದರೆ ಜಗಳವಾಡಬಹುದಿತ್ತು. ಒಂದು ಅಕ್ಷರ ಹೆಚ್ಚಿರಲಿಲ್ಲ, ಒಂದು ಅಕ್ಷರ ಕಡಿಮೆಯಿರಲಿಲ್ಲ. ಫ್ರೇಮಿಗೆ ಗಾಜು ಕೂತ ಹಾಗೆ ಕೂತಿತ್ತು.

"ನಿಮ್ಮ ಎಡಗಡೆ ಗಾಜು ಸಡಿಲ ಆಗಿದೆ," ಎಂದು ಏಳುವಾಗ ಹೇಳಿದಳು. "ಸ್ಕ್ರೂ ಬಿಗಿ ಮಾಡಿಸ್ಕೊಳ್ಳಿ. ಇಲ್ಲದಿದ್ರೆ ಬಿದ್ದುಹೋಗುತ್ತೆ."

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಬುಧವಾರ. ಬುಧವಾರದ ಬಿಸಿಲನ್ನು ಆ ಮನೆಯಲ್ಲಿ ಅವಳು ಎಂದೂ ನೋಡಿರಲಿಲ್ಲ. ಉಟ್ಟ ಬಟ್ಟೆಯಲ್ಲೇ ಹಿಂದಕ್ಕೆ ಹೋಗಿ ಏಳನೆಯ ಗಿಡದ ಮುಂದೆ ಕೂತಳು. ಗುಂಡಿಯಷ್ಟಿದ್ದ ಗಂಟು ಈಗ ನಿಂಬೆಹಣ್ಣಿನಷ್ಟಾಗಿತ್ತು. ಅದಕ್ಕಿಂತ ಹೆಚ್ಚು ಬೆಳೆಯುವ ತ್ರಾಣ ಗಿಡಕ್ಕಿರಲಿಲ್ಲ. ಒಂದು ಬದಿಯಲ್ಲಿ ಮೊಗ್ಗುಗಳು ಬಿರಿಯುತ್ತ ಹಳದಿ ಇಣುಕುತ್ತಿತ್ತು.

"ಇವತ್ತು ಕುಯ್ಯಲಿಲ್ಲ ಅಂದ್ರೆ ನಾಳೆ ಹೂವಾಗುತ್ತೆ," ನರ್ಸಮ್ಮ ಗೋಡೆಯ ಮೇಲೆ ಮೊಣಕೈ ಊರಿದ್ದರು. ಅವಳ ಮುಖ ನೋಡಿ ಕೋರ್ಟಿನ ವಿಷಯ ಕೇಳಲಿಲ್ಲ. "ಬುಡ ಕೀಳಬೇಡ. ತಲೆ ತೆಗೆದ್ರೆ ಪಕ್ಕದಲ್ಲಿ ಸಣ್ಣ ಸಣ್ಣದು ಮತ್ತೆ ಬರುತ್ತಂತೆ."

"ಎಷ್ಟು ದಿನಕ್ಕೆ?"

"ಮೂರು ವಾರ, ನಾಲ್ಕು ವಾರ."

ಅವಳ ಹೆಬ್ಬೆರಳು ಆಗಲೇ ಬೆರಳಿನ ಗೆಣ್ಣುಗಳ ಮೇಲೆ ಓಡತೊಡಗಿತ್ತು. ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ಇಪ್ಪತ್ತೈದು ದಿನ. ಗೆಣ್ಣಿನ ಮೇಲೆ ಬೆರಳು ನಿಂತದ್ದನ್ನು ಅವಳು ನೋಡಿದಳು. ನರ್ಸಮ್ಮನೂ ನೋಡಿದರು.

"ಇವತ್ತೇ ತಿನ್ನು," ನರ್ಸಮ್ಮ ಅಂದರು. "ನೀನೇ ತಿನ್ನು. ಪೂರ್ತಿ."

ಅವಳು ಚಾಕು ತಂದು ಕುಯ್ದಳು. ಎಲೆಯಡಿಯಲ್ಲಿದ್ದ ಎರಡು ಹುಳಗಳನ್ನೂ ಕಿತ್ತು, ಹೆಸರಿಡದೆ, ಎಲ್ಲಿಗೂ ವರ್ಗ ಮಾಡದೆ, ಚಪ್ಪಲಿಯಲ್ಲಿ ಹೊಸಕಿದಳು. ಬಾಣಲೆಗೆ ನೀರು, ಉಪ್ಪು. ಆ ಇನ್ನೊಬ್ಬಳು ಹೇಗೆ ಮಾಡುತ್ತಾಳೋ ಅವಳಿಗೆ ಗೊತ್ತಿರಲಿಲ್ಲ. ಮಗಳನ್ನು ಕೇಳಬಹುದಿತ್ತು, ಒಂದು ಸಲವೂ ಕೇಳಿರಲಿಲ್ಲ. ಬೆಂದ ಮೇಲೆ ಸೋಸಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಒಲೆಯ ಪಕ್ಕದಲ್ಲೇ ನಿಂತು ತಿಂದಳು. ಸ್ವಲ್ಪ ಕಹಿ, ಸ್ವಲ್ಪ ಹುಲ್ಲಿನ ವಾಸನೆ. ನಾಲ್ಕು ತುತ್ತಿಗೆ ಮುಗಿಯಿತು. ಎಂಬತ್ತು ದಿನ, ಏಳು ಗಿಡ, ನಾಲ್ಕು ತುತ್ತು. ಅಳು ಬಂದೀತೆಂದು ಕಾದಳು. ಬರಲಿಲ್ಲ. ಸದ್ಯ, ಏನನ್ನೂ ಎತ್ತಿಡದೆ ಒಂದು ಕೆಲಸ ಮುಗಿಸಿದೆ ಎಂದುಕೊಂಡಳು.

ಬಾಣಲೆ ತೊಳೆದು, ತಟ್ಟೆ ತೊಳೆದು, ಕೈ ಒರೆಸಿಕೊಂಡು, ಕುಡಿಯಲು ತಣ್ಣೀರಿಗೆಂದು ಫ್ರಿಜ್ಜಿನ ಬಾಗಿಲು ತೆರೆದಳು.

ಮೇಲಿನ ಅರೆಯಲ್ಲಿ ಒಂದು ಸಣ್ಣ ಸ್ಟೀಲಿನ ಬಟ್ಟಲಿತ್ತು, ಅದರ ಮೇಲೆ ಮುಚ್ಚಳವಿತ್ತು. ಮುಚ್ಚಳದ ಒಳಗೆ ಹಬೆ ಇನ್ನೂ ಆರಿರಲಿಲ್ಲ. ಎತ್ತಿ ನೋಡಿದಳು. ಹೂವಾಗದ, ಹುಳ ಮುಟ್ಟದ ಎರಡು ತುಣುಕುಗಳು, ಇದ್ದುದರಲ್ಲೇ ಚೆನ್ನಾಗಿರುವವು. ಬಾಣಲೆಯಿಂದ ಸೋಸುವಾಗಲೇ ಎತ್ತಿಟ್ಟಿರಬೇಕು. ಯಾವಾಗ ಎತ್ತಿಟ್ಟದ್ದೆಂದು ಅವಳಿಗೆ ನೆನಪೇ ಇರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿ ಮುಗಿಸಿತ್ತು.

ಇಪ್ಪತ್ತೈದು ದಿನ ಅದು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಟ್ಟಲು ಹಿಡಿದು, ಫ್ರಿಜ್ಜಿನ ತಣ್ಣನೆಯ ಬೆಳಕಿನಲ್ಲಿ ತುಂಬ ಹೊತ್ತು ನಿಂತಳು. ಆಮೇಲೆ ಮುಚ್ಚಳ ಮುಚ್ಚಿ, ಇದ್ದಲ್ಲೇ ಇಟ್ಟು, ಬಾಗಿಲು ಹಾಕಿದಳು.